ಬರೆಯದೆ ಉಳಿದ ಮಾತು

ಹೆಲಿಕಾಪ್ಟರಿನ ಸದ್ದು ಕೇಳಿದೊಡನೆ ಬಾವಿ ಮುಚ್ಚಲು ಓಡುತ್ತಿದ್ದ ಕಾಲವನ್ನು ಕಾಸರಗೋಡಿನ ಗಡಿಗ್ರಾಮಗಳ ನಾವು ಮರೆತಿಲ್ಲ. ಗುಡ್ಡದ ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಮಿಕ್ಕಿ ನಡೆದ ಎಂಡೋಸಲ್ಫಾನ್ ಸಿಂಪಡಣೆ 2000ದಲ್ಲಿ ನಿಂತಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ದೇಶದಾದ್ಯಂತ ತಡೆಯಿತು. ಸಿಂಪಡಣೆ ನಿಂತರೂ ನಮ್ಮೂರಿಗೆ ಬರುವವರ ಸಾಲು ನಿಲ್ಲಲಿಲ್ಲ. ವೈದ್ಯರು, ಪತ್ರಿಕೆಯವರು, ಕ್ಯಾಮೆರಾ ಹಿಡಿದವರು, ಸಂಶೋಧಕರು ಬಂದರು, ಕೇಳಿದರು, ಬರೆದುಕೊಂಡರು, ಹೋದರು.

ಹಾಗೆ ಬಂದವರಲ್ಲಿ ಒಬ್ಬಳು ಸಂಶೋಧನಾ ವಿದ್ಯಾರ್ಥಿನಿ. ಅಂಗವಿಕಲ ಮಕ್ಕಳನ್ನು ಸಾಕುವ ತಾಯಂದಿರ ಅನುಭವ ಆಕೆಯ ವಿಷಯ. ಅವಳಿಗೆ ಬರುವುದು ಮಲಯಾಳ. ನಮ್ಮ ಕಡೆಯ ಮನೆಗಳಲ್ಲಿ ಆಡುವುದು ತುಳು, ಕನ್ನಡ. ನಿವೃತ್ತ ಅಧ್ಯಾಪಕರೆಂಬ ಕಾರಣಕ್ಕೆ ದುಭಾಷಿಯ ಕೆಲಸ ನಮ್ಮ ಪಾಲಿಗೆ ಬಂತು.

ಮೊದಲನೆಯ ಮನೆಯಲ್ಲೇ ತೊಡಕು ತೋರಿತು. ಒಪ್ಪಿಗೆಯ ಕಾಗದ ಇಂಗ್ಲಿಷಿನಲ್ಲಿತ್ತು. ನಾವು ಅದನ್ನು ಕನ್ನಡಿಸಿ ಓದಿ ಮುಗಿಸುವ ಮೊದಲೇ ಆ ತಾಯಿ ಹೆಬ್ಬೆರಳು ಮುಂದೆ ಮಾಡಿ, “ಇದರಿಂದ ಪೆನ್ಶನ್ ಜಾಸ್ತಿ ಆಗ್ತದಾ ಮಾಷ್ಟ್ರೇ?” ಎಂದು ಕೇಳಿದಳು. ಇಲ್ಲವೆಂದರೆ ನಿರಾಶೆ, ಸುಮ್ಮನಿದ್ದರೆ ವಂಚನೆ. ಆಗುವುದಿಲ್ಲವೆಂದೇ ತಿಳಿಸಿದೆವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯು, ಒಪ್ಪಿಗೆ ಕೇಳುವ ಮೊದಲು ವಿಷಯವನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು, ಬೇಡವೆನಿಸಿದಾಗ ಹಿಂದೆಗೆಯುವ ಹಕ್ಕು ಅವರಿಗಿರಬೇಕು ಎನ್ನುತ್ತದೆ. ನಿಯಮ ಸರಿಯೇ. ಆದರೆ ಮನೆಬಾಗಿಲಿಗೆ ಬಂದವರಿಗೆ ಬೆಲ್ಲ ನೀರು ಕೊಡುವ ನಮ್ಮ ಹೆಂಗಸರಿಗೆ ‘ಬೇಡ’ ಎನ್ನುವುದು ಅಷ್ಟು ಸುಲಭವೇ? ಅದರಲ್ಲೂ ಕೇಳುವವರ ಪಕ್ಕದಲ್ಲಿ ಮಕ್ಕಳಿಗೆ ಪಾಠ ಹೇಳಿದ ಮಾಷ್ಟ್ರು ಕುಳಿತಿರುವಾಗ?

ಆದರೂ ಆಕೆ ಮಾತನಾಡಿದಳು. ಹಾಸಿಗೆ ಹಿಡಿದ ಮಗನ ಬಾಯಿ ಒರೆಸುತ್ತ, ಇದ್ದಕ್ಕಿದ್ದಂತೆ ನಮ್ಮ ಕಡೆ ತಿರುಗಿ ತುಳುವಿನಲ್ಲಿ ಒಂದು ಮಾತು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದು ಸಂಶೋಧಕಿಗೆ ಹೇಳಿದ್ದಲ್ಲ, ನೆರೆಯವರಾದ ನಮಗೆ ಹೇಳಿದ್ದು.

“ಏನೆಂದರು ಮಾಷೇ?” ಎಂದು ಹುಡುಗಿ ಕೇಳಿದಳು.

“ತುಂಬ ಆಯಾಸವಾಗಿದೆಯಂತೆ” ಎಂದೆವು.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ನಂಬಿ ಕರೆದೊಯ್ದವಳಿಗೆ ನಾವು ಸುಳ್ಳು ಹೇಳಿದ್ದೆವು. ಅಂಥ ಮಾತುಗಳು ಹೊರಬಾರದೆ ಹೋದರೆ ತಾಯಂದಿರ ಸಂಕಟ ಅಧಿಕಾರಿಗಳಿಗೆ ತಿಳಿಯುವುದಾದರೂ ಹೇಗೆ? ಹೊರಬಂದರೆ ಆ ತಾಯಿಯ ಗತಿಯೇನು? ಹೆಸರು ಬದಲಿಸಬಹುದು, ಆದರೆ ಇಳಿಜಾರಿನ ಮನೆ, ಹಾಸಿಗೆಯಲ್ಲಿನ ಮಗ, ಶಾಲೆಗೆ ಹೋಗುವ ಮಗಳು ಎಂದರೆ ಊರಿನಲ್ಲಿ ಗುರುತಿಸಲಾರದವರು ಯಾರು?

ಮರುದಿನ ಹುಡುಗಿಗೆ ನಿಜವನ್ನು ತಿಳಿಸಿದೆವು. ಮಾತನ್ನಲ್ಲ, ಮಾತೊಂದನ್ನು ಮುಚ್ಚಿಟ್ಟಿದ್ದೇವೆಂಬುದನ್ನು. ಅವಳು ಸಿಟ್ಟಾಗಬಹುದೆಂದುಕೊಂಡಿದ್ದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರನ್ನೇ ಕೇಳೋಣ ಮಾಷೇ” ಎಂದಳು. ವಯಸ್ಸಿನಲ್ಲಿ ಕಿರಿಯಳಾದರೂ ನಮಗಿಂತ ಸರಿಯಾದ ದಾರಿಯನ್ನು ಅವಳು ಕಂಡಿದ್ದಳು. ಆ ತಾಯಿಗೆ ಬಾಯಿಯಿದೆ, ಬುದ್ಧಿಯಿದೆ. ಆಕೆಯ ಪರವಾಗಿ ತೀರ್ಮಾನಿಸಲು ನಾವು ಯಾರು?

ವಾರದ ಬಳಿಕ ಒಬ್ಬರೇ ಹೋಗಿ ವಿಚಾರಿಸಿದೆವು. ಆಕೆ ಬಹಳ ಹೊತ್ತು ಯೋಚಿಸಿ ಹೇಳಿದಳು: “ಉಳಿದದ್ದೆಲ್ಲ ಬರೆಯಲಿ. ಅದೊಂದು ಬೇಡ. ನನಗೆ ಓದಲು ಬಾರದು, ಆದರೆ ಮಗಳಿಗೆ ಬರ್ತದೆ.”

ಆ ಮಾತು ಪ್ರಬಂಧದಲ್ಲಿ ಸೇರಲಿಲ್ಲ. ಇಲ್ಲಿಯೂ ಇಲ್ಲ, ಅದೇನೆಂದು ವಾಚಕರು ಕೇಳಬಾರದಾಗಿ ಪ್ರಾರ್ಥನೆ. ಈ ಬರಹವನ್ನು ಕಳುಹಿಸುವ ಮುನ್ನ ಆಕೆಗೆ ಓದಿ ಹೇಳಿದೆವು. ಗುರುತು ಹತ್ತಬಹುದಾದ ಎರಡು ವಿವರಗಳನ್ನು ಆಕೆಯೇ ತೆಗೆಸಿದಳು. ಆಮೇಲೆ ಒಳಗೆ ಹೋಗಿ ನಮಗೆ ಬೆಲ್ಲ ನೀರು ತಂದಿಟ್ಟಳು.