ಒಬ್ಬರ ಊರು

ಊರು ಎಂದರೆ ಏನು ಎಂದು ನಮ್ಮ ಕಡೆ ಯಾರೂ ಕೇಳುವುದಿಲ್ಲ. ನಾಲ್ಕು ಮನೆ, ಒಂದು ಗುಡಿ, ಒಂದು ಬಾವಿ, ಅರಳೀಕಟ್ಟೆ, ಆ ಕಟ್ಟೆಯ ಮೇಲೆ ಕುಳಿತು ಉಳಿದವರ ಸಮಾಚಾರವನ್ನೆಲ್ಲ ವಿಚಾರಿಸಿಕೊಳ್ಳುವ ನಾಲ್ವರು ಹಿರಿಯರು - ಇಷ್ಟಿದ್ದರೆ ಊರಾಯಿತು. ಆದರೆ ಇರುವವರು ಒಬ್ಬರೇ ಆದರೆ? ಅಮೆರಿಕಾದ ನೆಬ್ರಾಸ್ಕ ರಾಜ್ಯದ ಮೊನೊವಿ ಎಂಬ ಹಳ್ಳಿಯ ಲೆಕ್ಕವನ್ನು ನೋಡಿದಂದಿನಿಂದ ಈ ಪ್ರಶ್ನೆ ನನ್ನ ಬೆನ್ನು ಹತ್ತಿದೆ.

ಖಾನೇಷುಮಾರಿಯ ಪಟ್ಟಿಗಳನ್ನು ಕಾದಂಬರಿಯಂತೆ ಓದುವ ಚಟ ನನ್ನದು. ಮೊನೊವಿಯ ಕಥೆ ಹೀಗಿದೆ: 1930ರಲ್ಲಿ ಜನಸಂಖ್ಯೆ ನೂರನ್ನು ದಾಟಿತ್ತು. 1980ಕ್ಕೆ 18. 2000ದಲ್ಲಿ ಇಬ್ಬರು, ಗಂಡ ಮತ್ತು ಹೆಂಡತಿ. 2004ರಲ್ಲಿ ಗಂಡ ತೀರಿಕೊಂಡರು. 2010ರ ಎಣಿಕೆಯಲ್ಲಿ ಒಂದು. ಮುನ್ನೂರು ಪುಟ ಹಿಡಿಯಬಹುದಾದ ಕಥೆ ನಾಲ್ಕು ಅಂಕಿಗಳಲ್ಲಿ ಮುಗಿದುಹೋಯಿತು.

ಅಲ್ಲಿ ಯುದ್ಧವಾಗಲಿಲ್ಲ, ಪ್ಲೇಗು ಬರಲಿಲ್ಲ, ಯಾರೂ ಯಾರನ್ನೂ ಓಡಿಸಲಿಲ್ಲ. ಊರು ಬರಿದಾದುದರ ಕಾರಣ ಆ ನೆಲವನ್ನು ಹಂಚಿದ ರೀತಿಯಲ್ಲಿಯೇ ಇದೆ. 1785ರ ಕಾಯಿದೆಯೊಂದು ಅಮೆರಿಕಾದ ಭೂಮಿಯನ್ನು ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕಗಳಾಗಿ ಅಳೆಯಲು ಹೊರಟಿತು. ಇಂಥ ಒಂದು ಚೌಕವೇ ಟೌನ್‌ಷಿಪ್. ಅದರೊಳಗೆ 36 ತುಂಡು; ತುಂಡಿಗೆ 640 ಎಕರೆ. 1862ರ ಇನ್ನೊಂದು ಕಾಯಿದೆ, ಐದು ವರ್ಷ ನೆಲದ ಮೇಲೆ ವಾಸ ಮಾಡಿ ಸಾಗು ಮಾಡಿದವನಿಗೆ 160 ಎಕರೆ ಕೊಟ್ಟಿತು. ಹೀಗಾಗಿ ಅಲ್ಲಿಯ ರೈತ ನಮ್ಮವನಂತೆ ಊರಿನಲ್ಲಿ ಮಲಗಿ ಹೊಲಕ್ಕೆ ಹೋಗುವವನಲ್ಲ. ಅವನ ಮನೆ ಹೊಲದ ನಡುವೆ. ನೆರೆಮನೆಗೆ ಕೂಗು ಕೇಳಿಸದು. ಊರೆಂಬುದು ರೈಲು ನಿಲ್ಲುವ ಜಾಗ: ಅಂಗಡಿ, ಅಂಚೆ, ಶಾಲೆ, ಇಗರ್ಜಿ. ಮೊನೊವಿ ಹುಟ್ಟಿದ್ದೂ 1902ರಲ್ಲಿ, ರೈಲುದಾರಿ ಬಂದಾಗ. ಆಮೇಲೆ ಟ್ರ್ಯಾಕ್ಟರು ಬಂತು. ನಾಲ್ಕು ಸಂಸಾರದ ಬೇಸಾಯವನ್ನು ಒಂದು ಸಂಸಾರ ನಿಭಾಯಿಸಿತು. ಮೂರು ಸಂಸಾರ ಪೇಟೆಯ ದಾರಿ ಹಿಡಿದವು. ಕೊಳ್ಳುವವರಿಲ್ಲದೆ ಅಂಗಡಿ ಮುಚ್ಚಿತು, ಮಕ್ಕಳಿಲ್ಲದೆ ಶಾಲೆ ಮುಚ್ಚಿತು.

ಉಳಿದ ಆ ಒಬ್ಬ ಮುದುಕಿ ಮಾಡಿದ್ದನ್ನು ಕೇಳಿ. ಊರಿನ ಅಧ್ಯಕ್ಷೆ ಅವರೇ, ಗುಮಾಸ್ತೆ ಅವರೇ, ಖಜಾಂಚಿಯೂ ಅವರೇ. ಊರಿನಲ್ಲಿದ್ದ ಒಂದೇ ಒಂದು ಪಾನಗೃಹದ ಯಜಮಾನಿಯೂ ಅವರೇ ಆದ್ದರಿಂದ, ಅದರ ಪರವಾನಗಿಗೆ ಅರ್ಜಿ ಹಾಕಿದ ಕೈಯೇ ಅದಕ್ಕೆ ರುಜುವನ್ನೂ ಹಾಕಿತು. ವರ್ಷಕ್ಕೆ ಸುಮಾರು 500 ಡಾಲರು ಕಂದಾಯವನ್ನು ತಮ್ಮ ಮೇಲೆ ತಾವೇ ವಿಧಿಸಿ, ತಾವೇ ಕಟ್ಟಿ, ತಾವೇ ಜಮಾ ಮಾಡಿಕೊಂಡು, ನೀರಿನ ಖರ್ಚಿಗೂ ನಾಲ್ಕು ಬೀದಿದೀಪಗಳಿಗೂ ಒದಗಿಸಿದರು. ಗಂಡ ಕೂಡಿಟ್ಟ ಸುಮಾರು ಐದು ಸಾವಿರ ಪುಸ್ತಕಗಳಿಗೆ ಪುಟ್ಟ ಕಟ್ಟಡ ಮಾಡಿ ಗ್ರಂಥಾಲಯ ತೆರೆದರು. ಸುತ್ತಣ ಹೊಲಮನೆಗಳವರು ಮೈಲಿಗಟ್ಟಲೆ ದೂರದಿಂದ ಊಟಕ್ಕೂ ಹರಟೆಗೂ ಅವರಲ್ಲಿಗೆ ಬರುತ್ತಿದ್ದರು.

ಇದನ್ನು ಕೇಳಿ ಅರ್ಥಶಾಸ್ತ್ರದ ಮಿತ್ರರೊಬ್ಬರು ನಕ್ಕರು. "ಒಬ್ಬರಿಗಾಗಿ ನಾಲ್ಕು ದೀಪವೇ ಸ್ವಾಮೀ? ಶುದ್ಧ ದುಂದು!" ನನಗೆ ನಗು ಬರಲಿಲ್ಲ. ನಮ್ಮ ಕಂದಾಯದ ಕಡತಗಳಲ್ಲಿ ಜನವಸತಿಯಿಲ್ಲದ ಹಳ್ಳಿಗೆ "ಬೇಚರಾಕ್" ಎನ್ನುತ್ತಾರೆ. ಪಾರಸಿ ಮೂಲದ ಮಾತು. ಚಿರಾಗ್ ಎಂದರೆ ದೀಪ, ಅದಿಲ್ಲದ್ದು ಬೇಚರಾಕ್. ಯಾವ ಕಾಲದ ಯಾವ ಗುಮಾಸ್ತನೋ ಊರಿನ ಲಕ್ಷಣವನ್ನು ಎಷ್ಟು ಚೆನ್ನಾಗಿ ಕಂಡಿದ್ದಾನೆ! ತಲೆ ಎಷ್ಟು ಎಂದು ಅವನು ಕೇಳಲಿಲ್ಲ; ಸಂಜೆ ಯಾರಾದರೂ ದೀಪ ಹಚ್ಚುತ್ತಾರೆಯೇ ಎಂದು ಕೇಳಿದ. ಆ ಲೆಕ್ಕದಲ್ಲಿ ಮೊನೊವಿ ಊರೇ ಸರಿ.

ಕಥೆಗೆ ಇನ್ನೊಂದು ತಿರುವಿದೆ. 2020ರ ಖಾನೇಷುಮಾರಿಯಲ್ಲಿ ಮೊನೊವಿಯ ಜನಸಂಖ್ಯೆ ಎರಡು ಎಂದು ಅಚ್ಚಾಯಿತು. ಹೊಸಬರು ಯಾರೂ ಬಂದಿರಲಿಲ್ಲ. ಅಂಕಿಗಳ ಹಿಂದಿನ ಮನುಷ್ಯರನ್ನು ಯಾರೂ ಗುರುತು ಹಿಡಿಯದಿರಲೆಂದು ಅಲ್ಲಿಯ ಗಣತಿ ಇಲಾಖೆ ಆ ಸಲ ಸಣ್ಣ ಊರುಗಳ ಲೆಕ್ಕದಲ್ಲಿ ಬೇಕೆಂದೇ ಕೊಂಚ ಹೆಚ್ಚುಕಡಮೆ ಮಾಡಿತ್ತು. ಜನಜಂಗುಳಿಯಲ್ಲಿ ಒಬ್ಬರನ್ನು ಮರೆಮಾಡಬಹುದು. ಒಬ್ಬರೇ ಇರುವ ಊರಿನಲ್ಲಿ ಮರೆಮಾಡುವುದು ಯಾರ ಹಿಂದೆ? ಅಂತೂ ಹದಿನಾರು ವರ್ಷದ ಒಂಟಿತನದ ಮೇಲೆ ಆಕೆಗೆ ಸರಕಾರ ಕಾಗದದ ನೆರೆಯವರೊಬ್ಬರನ್ನು ದಯಪಾಲಿಸಿತು.

ಇದು ತಮಾಷೆಯೆನಿಸಬಹುದು. ನನಗೆ ಮಾತ್ರ ಹೃದಯಕ್ಕೆ ತಾಕಿತು. ಈ ವರ್ಷ ನನ್ನ ಐಚ್ಛಿಕ ಕನ್ನಡ ತರಗತಿಯಲ್ಲಿ ಮೂವರು ವಿದ್ಯಾರ್ಥಿಗಳು. ದಿನವೂ ಹಾಜರಿ ಕರೆಯುತ್ತೇನೆ. ಒಬ್ಬಳೇ ಬಂದ ದಿನವೂ ಪಾಠ ಪೂರ್ತಿ ಮಾಡುತ್ತೇನೆ. ಇದನ್ನು ನಿಷ್ಠೆ ಎಂದುಕೊಂಡು ಸಮಾಧಾನಪಡಬಹುದು. ಮೊನೊವಿ ಆ ಸಮಾಧಾನಕ್ಕೂ ಅಷ್ಟು ಸುಲಭವಾಗಿ ಎಡೆಗೊಡುವುದಿಲ್ಲ. ಒಬ್ಬರು ಮನಸ್ಸು ಮಾಡಿದರೆ ದೀಪ ಆರದಂತೆ ಕಾಯಬಹುದು, ಅದು ದೊಡ್ಡದೇ. ಆದರೆ ಕಾದಿಟ್ಟ ದೀಪವನ್ನು ಮುಂದಕ್ಕೆ ಒಯ್ಯಲು ಎರಡನೆಯವರು ಬೇಕು, ಅದೂ ಪಟ್ಟಿಯಲ್ಲಿ ಅಚ್ಚಾದವರಲ್ಲ, ಬಾಗಿಲು ತಟ್ಟಿ ಒಳಗೆ ಬರುವವರು.