ಚಿತ್ರಕ್ಕೊಂದು ಕಥೆ

೧೯೨೬ರ ಡಿಸೆಂಬರಿನಲ್ಲಿ ಅಮೆರಿಕದ ‘ಅಮೇಜಿಂಗ್ ಸ್ಟೋರೀಸ್’ ಪತ್ರಿಕೆಯ ಮುಖಪುಟದಲ್ಲಿ ಒಂದು ವಿಚಿತ್ರ ಚಿತ್ರವು ಅಚ್ಚಾಯಿತು. ಗೋಳವೊಂದು ಹಡಗನ್ನೇ ಎತ್ತಿಕೊಂಡು ಆಕಾಶದಲ್ಲಿ ತೇಲುತ್ತಿತ್ತು. ಅದಕ್ಕೊಪ್ಪುವ ಕಥೆಯನ್ನು ಬರೆದು ಕಳುಹಿಸುವಂತೆ ಸಂಪಾದಕರಾದ ಹ್ಯೂಗೊ ಗರ್ನ್ಸ್‌ಬ್ಯಾಕ್ ಓದುಗರನ್ನು ಆಹ್ವಾನಿಸಿದರು. ಬಹುಮಾನಗಳ ಒಟ್ಟು ಮೊತ್ತ ೫೦೦ ಡಾಲರು.

ಮೂರನೆಯ ಬಹುಮಾನವು ಕ್ಲೇರ್ ವಿಂಗರ್ ಹ್ಯಾರಿಸ್ ಎಂಬ ಮಹಿಳೆಗೆ ಸಂದಿತು. ಭೂಮಿಯ ನೀರನ್ನು ಬಯಸಿ ಬಂದ ಮಂಗಳಗ್ರಹದವರೇ ಹಡಗನ್ನು ಕದ್ದವರೆಂದು ಆಕೆ ಕಲ್ಪಿಸಿದ್ದರು. ೧೯೨೭ರ ಜೂನಿನಲ್ಲಿ ಆ ಕಥೆಯನ್ನು ಪ್ರಕಟಿಸಿದ ಸಂಪಾದಕರು, ವಿಜ್ಞಾನದ ಶಿಕ್ಷಣ ಸಾಲದ ಸ್ತ್ರೀಯರಲ್ಲಿ ಇಂತಹ ಲೇಖಕಿಯರು ವಿರಳವೆಂದು ಅಚ್ಚರಿಪಟ್ಟರು. ಆಕೆಯಾದರೋ ಬರೆಯುತ್ತಲೇ ಹೋದರು. ೧೯೪೭ರಲ್ಲಿ ಆಕೆಯ ಕಥೆಗಳು ಸಂಕಲನವಾಗಿ ಹೊರಬಂದವು.

ಬಾಗಿಲು ಎಲ್ಲರಿಗೂ ತೆರೆದಿರುವ ಸ್ಪರ್ಧೆಯಲ್ಲಿ ತೀರ್ಪುಗಾರರ ಪೂರ್ವಗ್ರಹವೂ ಪರೀಕ್ಷೆಗೆ ಒಳಗಾಗುತ್ತದೆ.