ಕಡೂರು ಒಂದು ಚೌಕ, ಬೀರೂರು ಇನ್ನೊಂದು

ಬೆಂಗಳೂರಿನಿಂದ ಹೊನ್ನಾವರದ ಕಡೆಗೆ ಹೊರಟ ಬಸ್ಸು ಕಡೂರು ಬಿಟ್ಟು ಬೀರೂರು ಸೇರಲು ಹೆಚ್ಚು ಹೊತ್ತು ಬೇಕಿಲ್ಲ. ರಸ್ತೆಯ ಬದಿಯಲ್ಲಿ ತೆಂಗಿನ ತೋಟಗಳು, ಮಳೆಯ ದಾರಿ ಕಾಯುವ ಹೊಲಗಳು, ದೂರದಲ್ಲಿ ಬಾಬಾಬುಡನ್‌ಗಿರಿ ಸಾಲಿನ ನೀಲಿ ಅಂಚು. ಇಳಿದು ನೋಡುವಂಥದ್ದೇನೂ ಇಲ್ಲವೆಂದು ಪ್ರಯಾಣಿಕರು ಸೀಟಿಗೊರಗಿ ಕಣ್ಣು ಮುಚ್ಚುವ ದಾರಿ ಇದು. ಆದರೆ ಹವ್ಯಾಸಿ ರೇಡಿಯೊ ನಡೆಸುವ ‘ಹ್ಯಾಮ್’ಗಳಿಗೆ ಇದೇ ದಾರಿ ಬಲು ಬೆಲೆಬಾಳುವಂಥದ್ದು.

ಹ್ಯಾಮ್ ಎಂದರೆ ಸರ್ಕಾರ ನಡೆಸುವ ಪರೀಕ್ಷೆ ಪಾಸು ಮಾಡಿ, ಪರವಾನಗಿ ಪಡೆದು, ಸ್ವಂತ ರೇಡಿಯೊ ಕೇಂದ್ರದಿಂದ ಮಾತಾಡುವ ಹವ್ಯಾಸಿ. ಹಣ ಸಂಪಾದನೆಗಾಗಿ ಇದನ್ನು ಬಳಸುವಂತಿಲ್ಲ. ಕಲಿಯುವುದು, ಪ್ರಯೋಗ ಮಾಡುವುದು, ಗೆಳೆತನ ಬೆಳೆಸುವುದು ಇದರ ಉದ್ದೇಶ. ಭಾರತದ ಹ್ಯಾಮ್‌ಗಳ ಕರೆಸಂಕೇತ ‘ವಿಯು’ ಅಕ್ಷರಗಳಿಂದ ಆರಂಭವಾಗುತ್ತದೆ.

ಈ ಹ್ಯಾಮ್‌ಗಳಿಗೆ ತಮ್ಮದೇ ಆದ ಒಂದು ಭೂಪಟವಿದೆ. 1980ರಲ್ಲಿ ಇಂಗ್ಲೆಂಡಿನ ಮೇಡನ್‌ಹೆಡ್ ಎಂಬ ಊರಿನಲ್ಲಿ ನಡೆದ ಸಭೆಯೊಂದು ಭೂಮಿಯನ್ನೆಲ್ಲ ಚೌಕಗಳಾಗಿ ಹಂಚುವ ಪದ್ಧತಿಯನ್ನು ಒಪ್ಪಿಕೊಂಡಿತು. ಒಂದೊಂದು ಚೌಕವೂ ಪೂರ್ವ-ಪಶ್ಚಿಮವಾಗಿ 2 ಡಿಗ್ರಿ, ಉತ್ತರ-ದಕ್ಷಿಣವಾಗಿ 1 ಡಿಗ್ರಿ. ನಮ್ಮ ಸೀಮೆಯಲ್ಲಿ ಇದು ಸುಮಾರು 216 ಕಿ.ಮೀ. ಉದ್ದ, 111 ಕಿ.ಮೀ. ಅಗಲವಾಗುತ್ತದೆ. ಎರಡು ಅಕ್ಷರ, ಎರಡು ಅಂಕಿ ಸೇರಿದರೆ ಚೌಕದ ಹೆಸರು. ಬೆಂಗಳೂರು ಇರುವುದು ಎಂಕೆ82ರಲ್ಲಿ. ಕಡೂರು ಎಂಕೆ83ರಲ್ಲಿ. ಕಡೂರು ಪೇಟೆಯಿಂದ ತುಸು ಪಶ್ಚಿಮಕ್ಕೆ 76 ಡಿಗ್ರಿ ಪೂರ್ವ ರೇಖಾಂಶ ಹಾದುಹೋಗುತ್ತದೆ. ಅದನ್ನು ದಾಟಿದರೆ ಎಂಕೆ73. ಬೀರೂರು, ತರೀಕೆರೆ, ಶಿವಮೊಗ್ಗ ಎಲ್ಲವೂ ಆ ಚೌಕದವು. ನೆರೆಹೊರೆಯ ಕಡೂರು-ಬೀರೂರುಗಳು ರೇಡಿಯೊ ಲೆಕ್ಕದಲ್ಲಿ ಬೇರೆ ಬೇರೆ ಸೀಮೆಗಳು!

ಈ ಗೆರೆಗೆ ಬೆಲೆ ಬರುವುದು ವಿಎಚ್‌ಎಫ್, ಯುಎಚ್‌ಎಫ್ ಸ್ಪರ್ಧೆಗಳಲ್ಲಿ. ಅಮೆರಿಕದ ಹವ್ಯಾಸಿಗಳ ಸಂಘವಾದ ಎಆರ್‌ಆರ್‌ಎಲ್ ಪ್ರತಿ ಜೂನ್ ತಿಂಗಳಲ್ಲಿ ನಡೆಸುವ ಸ್ಪರ್ಧೆಯಲ್ಲಿ ‘ರೋವರ್’ ಎಂಬ ಒಂದು ವರ್ಗವಿದೆ. ರೋವರ್ ಎಂದರೆ ಅಲೆಮಾರಿ. ರೇಡಿಯೊ ಹೊತ್ತ ವಾಹನ ಚೌಕದಿಂದ ಚೌಕಕ್ಕೆ ಸಾಗುತ್ತದೆ. ಇಬ್ಬರು ಹ್ಯಾಮ್‌ಗಳು ಕರೆಸಂಕೇತವನ್ನೂ ಚೌಕದ ಹೆಸರನ್ನೂ ಪರಸ್ಪರ ಹೇಳಿ, ತಪ್ಪಿಲ್ಲದೆ ಬರೆದುಕೊಂಡರೆ ಒಂದು ಸಂಪರ್ಕ ಪೂರ್ಣವಾದಂತೆ. 144 ಮೆಗಾಹರ್ಟ್ಸ್‌ನ ಸಂಪರ್ಕಕ್ಕೆ 1 ಅಂಕ, 432ರ ಸಂಪರ್ಕಕ್ಕೆ 2. ಒಟ್ಟು ಅಂಕವನ್ನು ಚೌಕಗಳ ಲೆಕ್ಕದಿಂದ ಗುಣಿಸಲಾಗುತ್ತದೆ. ವಾಹನ ಹೊಸ ಚೌಕಕ್ಕೆ ಕಾಲಿಟ್ಟು ಸಂಪರ್ಕ ಸಾಧಿಸಿದರೆ ಆ ಗುಣಕ ಒಂದು ಹೆಚ್ಚುತ್ತದೆ, ಹಿಂದೆ ಮಾತಾಡಿದವರೊಡನೆಯೇ ಮತ್ತೆ ಮಾತಾಡಿ ಅಂಕ ಗಳಿಸಬಹುದು. ಆ ಪಂದ್ಯ ಅಲ್ಲಿನವರದು. ಅದರ ಲೆಕ್ಕಾಚಾರ ಮಾತ್ರ ಯಾವ ಊರಿಗೂ ಹೊಂದುತ್ತದೆ. ಅಮೆರಿಕದಲ್ಲಿ ಗಂಟೆಗಟ್ಟಲೆ ಗಾಡಿ ಓಡಿಸಿ ಹುಡುಕುವ ಗಡಿ ನಮ್ಮಲ್ಲಿ ಕಡೂರಿನ ಬಾಗಿಲಲ್ಲೇ ಇದೆ.

ಈ ದಾರಿಯಲ್ಲಿ ಹೊರಟವರಿಗೆ ನೆಲವೇ ಮೊದಲ ಪಾಠ ಹೇಳುತ್ತದೆ. ಭಾರತದ ಹ್ಯಾಮ್‌ಗಳು ಬಳಸುವ 144ರಿಂದ 146 ಮೆಗಾಹರ್ಟ್ಸ್‌ನ ಅಲೆ ಸುಮಾರು 2 ಮೀಟರ್ ಉದ್ದ. 434ರಿಂದ 438ರದು ಸುಮಾರು 70 ಸೆಂ.ಮೀ. ಇವು ಹೆಚ್ಚುಕಡಿಮೆ ಕಣ್ಣಿನ ನೋಟದಂತೆ ನೇರ ಸಾಗುವ ಅಲೆಗಳು, ಕ್ಷಿತಿಜದಾಚೆಗೆ ಬಾಗುವುದು ಸ್ವಲ್ಪವೇ. ಬಯಲಿನಲ್ಲಿ 2 ಮೀಟರ್ ಎತ್ತರದ ಆಂಟೆನಾಕ್ಕೆ ರೇಡಿಯೊ ಕ್ಷಿತಿಜ 6 ಕಿ.ಮೀ.ಯಷ್ಟೂ ಇಲ್ಲ. ಅದೇ ಆಂಟೆನಾ ಸುತ್ತಲ ನೆಲಕ್ಕಿಂತ 600 ಮೀಟರ್ ಮೇಲೇರಿದರೆ, ಅಡ್ಡಿಯಿಲ್ಲದ ದಿಕ್ಕಿನಲ್ಲಿ ಅದು 100 ಕಿ.ಮೀ.ವರೆಗೆ ಹಿಗ್ಗುತ್ತದೆ. ತರೀಕೆರೆಯಿಂದ ಲಿಂಗದಹಳ್ಳಿಯ ಮೇಲೆ ಕೆಮ್ಮಣ್ಣುಗುಂಡಿಗೆ ಹತ್ತುವವರು ಹೂವಿನ ತೋಟಕ್ಕೆ ಹೋಗುತ್ತಾರೆ. 1,434 ಮೀಟರ್ ಎತ್ತರದ ಆ ಗಿರಿಧಾಮ ಹ್ಯಾಮ್‌ನ ಕಣ್ಣಿಗೆ ಎಂಕೆ73ರ ಒಂದು ಆಂಟೆನಾ ಕಂಬ. ಆದರೆ ಅದೇ ಗಿರಿಸಾಲು ತನ್ನ ಬೆನ್ನ ಹಿಂದಿನ ಊರುಗಳಿಗೆ ಗೋಡೆಯೂ ಹೌದು. ತರೀಕೆರೆಯ ಸುತ್ತ ಮಲೆನಾಡಿನ ನೆರಳು ಶುರುವಾಗುತ್ತದೆ. ಮಳೆಗೆ ನೆಂದ ಅಡಿಕೆ ತೋಟದ ನಡುವೆ ಯುಎಚ್‌ಎಫ್ ಅಲೆ ಬೇಗ ಸೊರಗುತ್ತದೆ, ವಿಎಚ್‌ಎಫ್ ತುಸು ಹೆಚ್ಚು ತಾಳಿಕೊಳ್ಳುತ್ತದೆ.

ತರೀಕೆರೆಯಿಂದ ಪೂರ್ವಕ್ಕೆ ತಿರುಗಿದರೆ ಮತ್ತೆ ಬಯಲು, ಅಮೃತಮಹಲ್ ದನಗಳ ಅಜ್ಜಂಪುರ. 76ರ ಗೆರೆ ಈ ಊರಿಗೆ ಎಷ್ಟು ಹತ್ತಿರವೆಂದರೆ, ಯಾವ ಬೀದಿಯಲ್ಲಿ ನಿಂತರೆ ಯಾವ ಚೌಕ ಎಂಬುದನ್ನು ಜಿಪಿಎಸ್ ನೋಡಿಯೇ ಹೇಳಬೇಕು. ಅಂದಾಜಿನ ಮೇಲೆ ಚೌಕದ ಹೆಸರು ಹೇಳಿದವನ ಸಂಪರ್ಕ ಸುಳ್ಳಾಗುತ್ತದೆ. ನಿರ್ಜನ ರಸ್ತೆಯಲ್ಲಿ ಅದನ್ನು ಕೇಳುವವರು ಯಾರೂ ಇಲ್ಲ. ಹಾಗಾಗಿ ಈ ಆಟದ ಮೊದಲ ತೀರ್ಪುಗಾರ ಆಟಗಾರನ ಮನಸ್ಸೇ. ಅಜ್ಜಂಪುರದಿಂದ ಉತ್ತರಕ್ಕೆ ಸುಮಾರು 30 ಕಿ.ಮೀ. ದೂರದಲ್ಲಿ 14 ಡಿಗ್ರಿ ಅಕ್ಷಾಂಶ ಈ ಗೆರೆಯನ್ನು ಕತ್ತರಿಸುತ್ತದೆ. ಅಲ್ಲಿ ನಾಲ್ಕು ಚೌಕಗಳ ಮೂಲೆಗಳು ಕೂಡುತ್ತವೆ. ಚನ್ನಗಿರಿ ಎಂಕೆ74ರಲ್ಲಿ, ಹೊಳಲ್ಕೆರೆ ಎಂಕೆ84ರಲ್ಲಿ. ಮುಂಜಾನೆ ಕಡೂರು ಬಿಟ್ಟ ವಾಹನ ಸಂಜೆಯೊಳಗೆ ನಾಲ್ಕೂ ಚೌಕಗಳಿಂದ ಮಾತಾಡಬಹುದು.

ಗಡಿಗಳ ಬದಲಾವಣೆ ಈ ಸೀಮೆಗೆ ಹೊಸದಲ್ಲ. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಎಂದೇ ಹೆಸರಿತ್ತು. ತರೀಕೆರೆ ತಾಲ್ಲೂಕಿಗೆ ಸೇರಿದ್ದ ಅಜ್ಜಂಪುರ ಈಗ ತಾನೇ ಒಂದು ತಾಲ್ಲೂಕು. ಆದರೆ 76ರ ಗೆರೆಯನ್ನು ಯಾವ ಆದೇಶವೂ ಸರಿಸಲಾರದು.

ಕೈಯಲ್ಲಿ ಮೊಬೈಲ್ ಇರುವಾಗ ಇದೆಲ್ಲ ಏಕೆ ಎಂದು ತಂದೆತಾಯಂದಿರು ಕೇಳುವುದು ಸಹಜ. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಭಾರತಿ ಪ್ರಸಾದ್ ಎಂಬ ಹ್ಯಾಮ್ ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿದ್ದರು. ಅವರು ಹೋದದ್ದು ಹವ್ಯಾಸದ ಯಾತ್ರೆಗೆ. ಕುಳಿತದ್ದು ಫೋನು ಸತ್ತ ದ್ವೀಪಗಳ ಕ್ಷೇಮಸಮಾಚಾರ ಮುಟ್ಟಿಸುವ ಕೆಲಸಕ್ಕೆ. ಅಲ್ಲಿ ಕಡಲು ದಾಟಲು ನೆರವಾದದ್ದು ದೂರ ಸಾಗುವ ಎಚ್‌ಎಫ್ ಅಲೆ. ಹಳ್ಳಿಯಿಂದ ಹಳ್ಳಿಗೆ, ಗುಡ್ಡದಿಂದ ತಾಲ್ಲೂಕು ಕೇಂದ್ರಕ್ಕೆ ಸುದ್ದಿ ಮುಟ್ಟಿಸಲು ವಿಎಚ್‌ಎಫ್ ಸಾಕು. ಆದರೆ ಎಲ್ಲಿ ನಿಂತರೆ ಯಾರಿಗೆ ಕೇಳುತ್ತದೆ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಕ್ಷೀಣ ದನಿಯನ್ನು ತಪ್ಪಿಲ್ಲದೆ ಬರೆದುಕೊಳ್ಳುವುದು ಹೇಗೆ ಎಂಬುದನ್ನು ಮಳೆ ಬಂದ ದಿನ ಕಲಿಯಲಾಗದು. ಸ್ಪರ್ಧೆ ಎಂಬುದು ಅದರ ತಾಲೀಮು.

ಆಸಕ್ತಿಯುಳ್ಳ ವಿದ್ಯಾರ್ಥಿಗಳು 12 ವರ್ಷ ತುಂಬಿದ ಮೇಲೆ ಪರೀಕ್ಷೆಗೆ ಕೂರಬಹುದು. ಪ್ರೌಢಶಾಲೆಯ ವಿಜ್ಞಾನ ಚೆನ್ನಾಗಿ ಅರ್ಥವಾಗಿದ್ದರೆ ಆರಂಭದ ದರ್ಜೆ ಕಷ್ಟವಲ್ಲ. ಪರವಾನಗಿ ಇಲ್ಲದೆ ಮಾತಾಡುವುದು ಅಪರಾಧ. ವಾಹನದಲ್ಲಿ ಚಾಲಕನ ಕೆಲಸ ಗಾಡಿ ಓಡಿಸುವುದು ಮಾತ್ರ, ರೇಡಿಯೊ ಇನ್ನೊಬ್ಬರದು. ಆಂಟೆನಾ ಎತ್ತುವ ಮುನ್ನ ಮೇಲೆ ವಿದ್ಯುತ್ ತಂತಿ ಇಲ್ಲವೆಂದು ನೋಡಿಕೊಳ್ಳುವುದು ಎಲ್ಲಕ್ಕಿಂತ ಮೊದಲ ನಿಯಮ.

ಅಲ್ಲಿಯವರೆಗೆ ಖರ್ಚಿಲ್ಲದ ಒಂದು ಅಭ್ಯಾಸವಿದೆ. ಮುಂದಿನ ಸಲ ಬಸ್ಸು ಕಡೂರು ಬಿಟ್ಟಾಗ ಅಪ್ಪನ ಫೋನಿನಲ್ಲಿ ರೇಖಾಂಶ ತೆರೆದು ಕೂತರೆ, 76.01 ಇದ್ದದ್ದು ಬೀರೂರು ಬರುವಷ್ಟರಲ್ಲಿ 75.97 ಆಗುತ್ತದೆ. ಕಣ್ಣು ಮುಚ್ಚಿ ಕಳೆಯುತ್ತಿದ್ದ ಆ ಕೆಲವೇ ನಿಮಿಷಗಳಲ್ಲಿ ಒಂದು ಗಡಿ ದಾಟಿದಂತಾಯಿತು.